ಹರಿಶ್ಚಂದ್ರನ ಸತ್ಯ ಯಾರ ಪಾಲಿಗೆ?

ಕಳೆದ ತಿಂಗಳು ನಮ್ಮೂರಿನ ಗಿರಣಿಯೊಂದರಲ್ಲಿ ಬೋನಸ್ಸಿನ ಮಾತುಕತೆ ನಡೆಯಿತು. ಮಾಲೀಕರ ಕಡೆಯ ಮಹನೀಯರೊಬ್ಬರು ಹೋದ ವರ್ಷದ ಒಪ್ಪಂದದ ಕಾಗದವನ್ನು ಮೇಜಿನ ಮೇಲೆ ಹರಡಿ, "ಆಡಿದ ಮಾತಿಗಾಗಿ ಹೆಂಡತಿ ಮಗನನ್ನೇ ಮಾರಿದ ಹರಿಶ್ಚಂದ್ರ ಹುಟ್ಟಿದ ದೇಶವಪ್ಪಾ ಇದು! ನೀವು ಇನ್ನೊಂದು ವರ್ಷ ತಾಳಲಾರಿರಾ?" ಎಂದರು. ನಮ್ಮವರಲ್ಲೇ ಇಬ್ಬರು ತಲೆ ತಗ್ಗಿಸಿದರು. ಅದೇ ಕಾಗದದ ಇನ್ನೊಂದು ಮಗ್ಗುಲಲ್ಲಿ ಮಾಲೀಕರೂ ಮಾತು ಕೊಟ್ಟಿದ್ದರು. ಕ್ಯಾಂಟೀನು, ಕುಡಿಯುವ ನೀರು, ರಾತ್ರಿ ಪಾಳಿಯವರಿಗೆ ಭತ್ಯ. ಒಂದೂ ಬಂದಿಲ್ಲ. ಆ ಮಗ್ಗುಲಿಗೆ ಹರಿಶ್ಚಂದ್ರ ಬೇಕಾಗಲಿಲ್ಲ.

ಅಂದು ರಾತ್ರಿ ಮನೆಗೆ ಬಂದು ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಅಟ್ಟದಿಂದ ಇಳಿಸಿ ಮತ್ತೆ ಓದಿದೆವು. ಓದಿ ಹೇಳುತ್ತಿದ್ದೇವೆ: ಈ ಕಾವ್ಯ ನಮಗೆ ಸೇರುವುದಿಲ್ಲ. ಮೇಷ್ಟರಾಗಿದ್ದಾಗಲೂ ಸೇರಿರಲಿಲ್ಲ, ಹೇಳುವ ಧೈರ್ಯವಿರಲಿಲ್ಲ, ಅಷ್ಟೆ.

ಪಂಡಿತೋತ್ತಮರು ಕೂಡಲೇ ಕೇಳುವರು: "ಮೆಟ್ರಿಕ್ ಓದಿದ ನಿಮಗೆ ಹಳೆಯ ಕಾವ್ಯದ ರುಚಿ ಏನು ಗೊತ್ತು?" ಇರಲಿ. 13ನೆಯ ಶತಮಾನದ ಈ ಕವಿ ಷಟ್ಪದಿಗೆ ದಾರಿ ಮಾಡಿದವನು, ಅವನ ಮಾತಿಗೆ ನಾಟಕದ ಕಸುವಿದೆ ಎಂಬುದನ್ನು ನಾವು ಬಲ್ಲೆವು. ಕೈಗೆಲಸ ಚೆನ್ನಾಗಿದೆ ಎನ್ನುವುದಕ್ಕೆ ನಮ್ಮ ತಕರಾರಿಲ್ಲ. ನೇಯ್ಗೆ ಬಲ್ಲವನು ಬೇಡಿಯನ್ನೂ ರೇಷ್ಮೆಯಲ್ಲಿ ನೇಯಬಲ್ಲ. ಇನ್ನೊಂದು ಮಾತು. ಈ ಕಾವ್ಯ ಹಿಡಿಸದವರಲ್ಲಿ ನಾವೇ ಮೊದಲಿಗರಲ್ಲ. ರಾಘವಾಂಕನ ಗುರುವೂ ಸೋದರಮಾವನೂ ಆದ ಹಂಪೆಯ ಹರಿಹರನೇ ಸಿಟ್ಟಾಗಿ ಹೊಡೆದು ಅವನ ಹಲ್ಲುದುರಿಸಿದನೆಂದು ಪರಂಪರೆಯ ಕಥೆಯಿದೆ. ಶಿವಭಕ್ತರನ್ನು ಬಿಟ್ಟು ಒಬ್ಬ ರಾಜನನ್ನು ಹೊಗಳಿದೆಯಲ್ಲಾ ಎಂಬುದು ಮಾವನ ಕೋಪ. ನಮ್ಮ ಕೋಪದ ಕಾರಣ ಬೇರೆ. ನಾವು ಯಾರ ಹಲ್ಲನ್ನೂ ಮುಟ್ಟುವುದಿಲ್ಲ.

ಕಥೆ ಎಲ್ಲರಿಗೂ ಗೊತ್ತೆಂದು ಎಲ್ಲರೂ ತಿಳಿದಿದ್ದಾರೆ. ಕಂಪನಿ ನಾಟಕ, ಹರಿಕಥೆ, 1965ರ ರಾಜಕುಮಾರ್ ಅವರ ಸಿನಿಮಾ ನೋಡಿ ಕಣ್ಣೀರಿಟ್ಟವರು ನಮ್ಮ ಮನೆಗಳಲ್ಲೇ ಇದ್ದಾರೆ. ಆದರೆ ರಾಜ್ಯ ಹೋದದ್ದು ಹೇಗೆ ಎಂದು ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ "ವಿಶ್ವಾಮಿತ್ರನಿಗೆ ಕೊಟ್ಟ ಮಾತಿಗಾಗಿ" ಎನ್ನುತ್ತಾರೆ. ರಾಘವಾಂಕನಲ್ಲಿ ನಡೆದದ್ದು ಹಾಗಲ್ಲ. ವಿಶ್ವಾಮಿತ್ರ ಸೃಷ್ಟಿಸಿ ಕಳಿಸಿದ ಇಬ್ಬರು ಹೊಲತಿಯರು ರಾಜನ ಮುಂದೆ ಹಾಡುತ್ತಾರೆ. ರಾಜ ಮೆಚ್ಚಿ ಉಡುಗೊರೆ ಕೊಡಹೋಗುತ್ತಾನೆ. ಅವರು ಮುತ್ತಿನ ಸತ್ತಿಗೆ ಕೇಳುತ್ತಾರೆ. ಅದು ವಂಶದ್ದು, ಕೊಡಲಾಗದು. ಹಾಗಾದರೆ ನಮ್ಮನ್ನು ಮದುವೆಯಾಗು ಎನ್ನುತ್ತಾರೆ. ಆಗ ಎಲ್ಲಿತ್ತೋ ರಾಜನ ರೋಷ! ಸೂರ್ಯವಂಶದವನು ಕೀಳುಕುಲದವರನ್ನು ಮುಟ್ಟುವುದೆ?

ಆ ಹುಡುಗಿಯರು ಕೇಳುವ ಪ್ರಶ್ನೆಯನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ನಮ್ಮ ಹಾಡು ಕೇಳಿದ ನಿನ್ನ ಕಿವಿ ಮೈಲಿಗೆಯಾಗಲಿಲ್ಲ. ನಮ್ಮನ್ನು ನೋಡಿದ ಕಣ್ಣು, ನಮ್ಮೊಡನೆ ಮಾತಾಡಿದ ಬಾಯಿ, ನಮ್ಮ ಮೈಮೇಲಿಂದ ಬೀಸಿದ ಗಾಳಿ ಕುಡಿದ ಮೂಗು, ಯಾವುದೂ ಮೈಲಿಗೆಯಾಗಲಿಲ್ಲ. ಮುಟ್ಟುವ ಕೈಗೆ ಮಾತ್ರ ಅದೆಲ್ಲಿಂದ ಬಂತು ಮೈಲಿಗೆ? ಇದಕ್ಕೆ ಸತ್ಯಸಂಧನಲ್ಲಿ ಉತ್ತರವಿಲ್ಲ. ಉತ್ತರವಿಲ್ಲದವನು ಮಾಡುವುದನ್ನೇ ಮಾಡುತ್ತಾನೆ, ಹೊಡೆದಟ್ಟುತ್ತಾನೆ. ವಿಶ್ವಾಮಿತ್ರ ಬಂದು ಇವರನ್ನು ಮದುವೆಯಾಗು ಎಂದರೆ, ಅದೊಂದನ್ನು ಬಿಟ್ಟು ಏನು ಬೇಕಾದರೂ ಕೊಡುವೆನೆಂದು ರಾಜ್ಯವನ್ನೇ ಕೊಟ್ಟುಬಿಡುತ್ತಾನೆ. ವಾಚಕ ಮಿತ್ರರೇ, ರಾಜ್ಯ ಹೋದದ್ದು ಸತ್ಯಕ್ಕೋ, ಜಾತಿಗೋ? ನೀವೇ ಹೇಳಿ.

ನಾವು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಾಗ ಒಂದು ದಿನ ಈ ಭಾಗವನ್ನು ಬಾಯಿಮಾತಿನಲ್ಲಿ ಹೇಳಿದೆವು. ಹಿಂದಿನ ಬೆಂಚಿನಿಂದ ಕೇರಿಯ ಹುಡುಗನೊಬ್ಬ ಎದ್ದು, "ಸಾರ್, ಅವರು ಕೇಳಿದ್ದರಲ್ಲಿ ತಪ್ಪೇನು ಸಾರ್?" ಎಂದ. ನಾವು, "ಪರೀಕ್ಷೆಗೆ ಅದು ಬರಲ್ಲ, ಕೂತ್ಕೋ" ಎಂದೆವು. ಕೂತ. ಆಮೇಲೆ ವರ್ಷವಿಡೀ ನಮ್ಮ ತರಗತಿಯಲ್ಲಿ ಅವನು ಏನನ್ನೂ ಕೇಳಲಿಲ್ಲ. ಹರಿಶ್ಚಂದ್ರ ಮಾಡಿದ್ದನ್ನೇ ನಾವೂ ಮಾಡಿದ್ದೆವು. ಕೈಯಲ್ಲಿ ಚಾವಟಿ ಇರಲಿಲ್ಲ, ಸೀಮೆಸುಣ್ಣ ಇತ್ತು.

ಮುಂದಿನ ಕಥೆ ವ್ಯಾಪಾರಿ ಬಂಧುಗಳು ಕೇಳಬೇಕಾದ್ದು. ಆನೆಯ ಮೇಲೆ ನಿಂತವನು ಕವಡೆ ಎಸೆದರೆ ಎಷ್ಟು ಎತ್ತರ ಹೋಗುವುದೋ ಅಷ್ಟೆತ್ತರದ ಹೊನ್ನಿನ ರಾಶಿ ಸಾಲ! ಕೈಗೆ ತೆಗೆದುಕೊಂಡ ಸಾಲವಲ್ಲ, ಕೊಡುತ್ತೇನೆಂದ ಸಾಲ. ವಸೂಲಿಗೆ ನಕ್ಷತ್ರಿಕ. ಕಾಡಿನಲ್ಲಿ ಮಗು ಹಸಿದು ಅಳುತ್ತಿದ್ದರೂ ಬಿಡದವನು. ಕಾಡಿದ್ದಕ್ಕೆ ಕೂಲಿಯನ್ನೂ ಸಾಲಗಾರನಿಂದಲೇ ವಸೂಲು ಮಾಡುವವನು. ನಮ್ಮ ಪೇಟೆಯಲ್ಲಿ ಅವನಿಗೆ ಇಂದು ಮೋಟಾರ್ ಸೈಕಲ್ ಬಂದಿದೆ. ವಾರದ ಕಂತು ತಪ್ಪಿದರೆ ಮನೆ ಬಾಗಿಲಲ್ಲಿ ನಿಂತು ಹೆಂಗಸರ ಮುಂದೆ ಬೈಯುತ್ತಾನೆ. ಈ ಕಾಟ ತಾಳಲಾರದೆ ಜನ ಊರು ಬಿಟ್ಟರು, ಪ್ರಾಣ ಬಿಟ್ಟರು. ಆಮೇಲೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಕಿರುಸಾಲ ವಸೂಲಿಯ ಬಲಾತ್ಕಾರದ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು. ಕಾವ್ಯದಲ್ಲಿ ಇವನು ಬರಿಯ ಪರೀಕ್ಷೆಯ ಉಪಕರಣ. ಕೊನೆಗೆ ಎಲ್ಲರೂ ನಕ್ಕು ಕೈಮುಗಿಯುತ್ತಾರೆ. ನಮ್ಮ ಬೀದಿಯಲ್ಲಿ ವಿಶ್ವೇಶ್ವರ ಪ್ರತ್ಯಕ್ಷನಾಗುವುದಿಲ್ಲ.

ಇನ್ನು ಚಂದ್ರಮತಿ. ಮಾತು ಕೊಟ್ಟವನು ಗಂಡ, ಮಾರಾಟವಾದವಳು ಹೆಂಡತಿ. ಅವಳೊಡನೆ ಬುದ್ಧಿ ಬಲಿಯದ ಲೋಹಿತಾಶ್ವ. ಕಾಶಿಯ ಬೀದಿಯಲ್ಲಿ ತಲೆಯ ಮೇಲೆ ಹುಲ್ಲು ಹೊತ್ತು ನಿಂತವರನ್ನು ಬ್ರಾಹ್ಮಣನೊಬ್ಬ ಕೊಳ್ಳುತ್ತಾನೆ. ಜೀತದ ಮನೆಯ ಕೆಲಸಕ್ಕೆ ಹೋಗಿ ಹುಡುಗ ಹಾವು ಕಚ್ಚಿ ಸಾಯುತ್ತಾನೆ. ತಾಯಿ ನಡುರಾತ್ರಿ ಹೆಣ ಹೊತ್ತು ಸುಡುಗಾಡಿಗೆ ಬಂದರೆ, ಕಾವಲಿಗಿದ್ದ ಅಪ್ಪ ಸುಂಕ ಕೇಳುತ್ತಾನೆ. ಕೊನೆಗೆ ಅವಳ ಕತ್ತಿಗೇ ಕತ್ತಿ ಎತ್ತುತ್ತಾನೆ. ಇಷ್ಟರಲ್ಲಿ ಯಾರ ಸತ್ಯ ಉಳಿಯಿತು, ಯಾರ ಮೈಯಿಂದ ಅದರ ಬೆಲೆ ತೆತ್ತದ್ದಾಯಿತು? ಮನುಷ್ಯರ ಮಾರಾಟವನ್ನೂ ಬಿಟ್ಟಿ ದುಡಿಮೆಯನ್ನೂ ನಮ್ಮ ಸಂವಿಧಾನದ 23ನೆಯ ವಿಧಿ ನಿಷೇಧಿಸಿದೆ. 1976ರ ಕಾಯಿದೆ ಜೀತವನ್ನು ರದ್ದುಮಾಡಿ, ಜೀತಗಾರನ ಸಾಲ ತೀರಿತೆಂದೇ ಸಾರಿತು. ಆ ಕಾಯಿದೆಯ ಮುಂದೆ ಹರಿಶ್ಚಂದ್ರ ಬಿಡುಗಡೆಗೆ ಅರ್ಹ. ಹೆಂಡತಿಯನ್ನು ಮಾರಿದ್ದಕ್ಕೆ ಮಾತ್ರ ಉತ್ತರ ಹೇಳಬೇಕಾಗುತ್ತಿತ್ತು.

"ಗಾಂಧೀಜಿಯವರೇ ಬಾಲ್ಯದಲ್ಲಿ ಹರಿಶ್ಚಂದ್ರ ನಾಟಕ ನೋಡಿ ಅತ್ತಿದ್ದರು" ಎಂದು ನೆನಪಿಸುತ್ತಾರೆ. ಹೌದು, ಆತ್ಮಕಥೆಯಲ್ಲಿ ಬರೆದಿದ್ದಾರೆ. ಆದರೆ ಅದೇ ಗಾಂಧೀಜಿ 1918ರಲ್ಲಿ ಅಹಮದಾಬಾದಿನ ಗಿರಣಿ ಕಾರ್ಮಿಕರಿಂದ ಪ್ರತಿಜ್ಞೆ ಮಾಡಿಸಿದರು: ಶೇಕಡ 35 ಕೂಲಿ ಹೆಚ್ಚಳ ಸಿಗುವವರೆಗೆ ಕೆಲಸಕ್ಕೆ ಹೋಗುವುದಿಲ್ಲ, ಶಾಂತಿ ಕೆಡಿಸುವುದಿಲ್ಲ. ಹೊಟ್ಟೆ ಬೆನ್ನಿಗೆ ಹತ್ತಿ ಜನ ಅಳ್ಳಾಡತೊಡಗಿದಾಗ ತಾವೇ ಉಪವಾಸ ಕೂತರು. ವಿಷಯ ಪಂಚಾಯಿತಿಗೆ ಹೋಗಿ ಕೊನೆಗೆ 35ರ ತೀರ್ಪೇ ಬಂತು. ಅದೂ ಮಾತು ಉಳಿಸಿಕೊಂಡ ಕಥೆಯೇ. ಅಲ್ಲಿ ಮಾತು ಕೊಟ್ಟವರೇ ಹಸಿದರು, ಯಾರೂ ಹೆಂಡತಿಯನ್ನು ಮಾರಲಿಲ್ಲ. ಇದನ್ನು ಬಯಲಾಟ ಮಾಡಿದವರನ್ನು ನಾವು ಕಂಡಿಲ್ಲ.

ಹೀಗೆ ಮಾತಾಡಿದವರಿಗೆ ಏನಾಗುತ್ತದೆಂದೂ ನಮಗೆ ಗೊತ್ತು. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಬೂಸಾ ಎಂದರೇನೆಂದು ಹಿಂಡಿ-ಹೊಟ್ಟು ಮಾರುವ ನಮ್ಮ ಅಂಗಡಿಯವರಿಗೆ ವಿವರಿಸಬೇಕಿಲ್ಲ. ದನ ತಿಂದು ಹಾಲು ಕೊಡುತ್ತದೆ, ಬೈಗುಳವೇನಲ್ಲ. ಆದರೆ ಬೀದಿಗಳಲ್ಲಿ ಗಲಭೆಯಾಯಿತು, ದಲಿತ ವಿದ್ಯಾರ್ಥಿಗಳಿಗೆ ಪೆಟ್ಟು ಬಿತ್ತು, ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಆ ಹೊಡೆತ ತಿಂದವರ ನಡುವಿನಿಂದಲೇ ಕರ್ನಾಟಕದ ದಲಿತ ಚಳವಳಿ ಮೇಲೆದ್ದಿತು.

ನಮ್ಮ ಸ್ನೇಹಿತರೊಬ್ಬರು, "ಕವಿ ಆ ಹುಡುಗಿಯರ ಬಾಯಲ್ಲಿ ಅಂಥ ಮಾತು ಹಾಕಿದ್ದಾನಲ್ಲ, ಅವನು ನಿಮ್ಮ ಕಡೆಯವನೇ" ಎನ್ನುತ್ತಾರೆ. ಮದುವೆ ಬೇಡವೆಂದ ರಾಜನನ್ನೇ ಕೊನೆಗೆ ವೀರಬಾಹುಕನ ಆಳು ಮಾಡಿದ್ದಾನೆ ನೋಡಿ ಎಂದೂ ಹೇಳುತ್ತಾರೆ. ಇದು ತೆಗೆದುಹಾಕುವ ವಾದವಲ್ಲ. ನಮಗೂ ಒಮ್ಮೊಮ್ಮೆ ಹಾಗೆನ್ನಿಸಿದೆ. ಹಾಗಿದ್ದರೆ ಕೈಮುಗಿಸುವವರು ಆ ಭಾಗವನ್ನು ಯಾಕೆ ಬೇಗಬೇಗ ದಾಟಿಸುತ್ತಾರೆ? ವೇದಿಕೆಯ ಮೇಲೆ ಸುಡುಗಾಡು ಒಂದು ಗಂಟೆ, ಹಾಡಿದ ಹುಡುಗಿಯರು ಐದು ನಿಮಿಷ!

ಪುಸ್ತಕ ಸುಡಿ ಎನ್ನುವವರು ನಾವಲ್ಲ. ಬರುವ ಭಾನುವಾರ ಸಂಜೆ 6 ಗಂಟೆಗೆ ಸಂಘದ ಕಚೇರಿಯಲ್ಲಿ ಆ ಭಾಗವನ್ನು ಮಾತ್ರ ಗಟ್ಟಿಯಾಗಿ ಓದಿಸಿ, ಅರ್ಥ ಹೇಳಿಸುತ್ತೇವೆ. ಓದುವವನು ಹಿಂದಿನ ಬೆಂಚಿನ ಆ ಹುಡುಗನೇ. ಈಗ ಸ್ಪಿನ್ನಿಂಗ್ ಖಾತೆಯಲ್ಲಿ ಎರಡನೇ ಪಾಳಿಯಲ್ಲಿದ್ದಾನೆ, ಅಂದು ವಾರದ ರಜಾ. ಬೋನಸ್ಸಿನ ಮಾತುಕತೆಗೆ ಬಂದಿದ್ದ ಮಹನೀಯರಿಗೂ ಆಹ್ವಾನ ಕಳಿಸಿದ್ದೇವೆ. ಒಪ್ಪಂದದ ಕಾಗದವನ್ನು ಎರಡೂ ಮಗ್ಗುಲು ಕಾಣುವಂತೆ ತರಲಿ.