ಒಲವಿನ ಹಾಡಿಗೆ ಮಡಿಯ ಗೆರೆ ಎಳೆದವರು ಯಾರು?

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿ ಎಲ್ಲೇ ಆಗಲಿ, ನಾಲ್ವರು ಕನ್ನಡಿಗರು ಸೇರಿದಲ್ಲಿ ಹಾಡಿನ ವಿಷಯ ಬಂದರೆ ಎರಡು ಆಕ್ಷೇಪಗಳು ತಪ್ಪದೆ ಕೇಳಿಬರುತ್ತವೆ. ಮೊದಲನೆಯದು ಹಿರಿಯರದು: ಲೋಕಲ್ ರೈಲಿನಲ್ಲಿ ಮಕ್ಕಳು ಕಿವಿಗೆ ಸಿಕ್ಕಿಸಿಕೊಂಡು ಕೇಳುವ ಪರದೇಶದ ಹಾಡುಗಳಿಗೆ ಮಾನ ಮರ್ಯಾದೆಯಿಲ್ಲ, ಪ್ರೇಮದ ಹುಚ್ಚಿಗೆ ದೇವರನ್ನೂ ಎಳೆದು ತರುತ್ತಾರೆ. ಎರಡನೆಯದು ಆ ಮಕ್ಕಳದು: ಕನ್ನಡದಲ್ಲಿ ಇರುವುದೇ ಭಜನೆ ಮತ್ತು ಸಿನಿಮಾ ಹಾಡು, ನಮ್ಮ ಎದೆಯನ್ನು ತಟ್ಟುವಂಥದು ಏನಿದೆ?

ಈ ಎರಡೂ ಮಾತುಗಳು ಒಂದೇ ಅಜ್ಞಾನದ ಅವಳಿ ಮಕ್ಕಳೆಂಬುದು ನಮ್ಮ ವಾದ. ಭಕ್ತಿಯನ್ನು ಒಂದು ಕಪಾಟಿನಲ್ಲಿಯೂ ಒಲವನ್ನು ಇನ್ನೊಂದರಲ್ಲಿಯೂ ಇಟ್ಟು ಬೀಗ ಹಾಕಿದವರು ನಾವು. ದುಡಿಮೆಗಂತೂ ಕಪಾಟೇ ಇಲ್ಲ, ಅದನ್ನು ಹೊರಗೇ ನಿಲ್ಲಿಸಿದ್ದೇವೆ. ಕನ್ನಡದ ಹಾಡು ಈ ವಿಂಗಡಣೆಯನ್ನು ಎಂದೂ ಒಪ್ಪಿದ್ದಲ್ಲ.

ಹಿರಿಯರ ಕೋಪಕ್ಕೆ ಗುರಿಯಾಗುವ ಹಾಡುಗಳಲ್ಲಿ ಒಂದನ್ನೇ ತೆಗೆದುಕೊಳ್ಳೋಣ. ಐರ್ಲೆಂಡಿನ ಹೋಜಿಯರ್ ಎಂಬ ಗಾಯಕ ಕವಿ 1990ರಲ್ಲಿ ಹುಟ್ಟಿದವರು. ಅವರ ತಂದೆ ಬ್ಲೂಸ್ ತಂಡಗಳಲ್ಲಿ ಡ್ರಮ್ ಬಾರಿಸುತ್ತಿದ್ದವರು. 2014ರ ಮೊದಲ ಸಂಪುಟದಲ್ಲಿ ಅವರ ‘ವರ್ಕ್ ಸಾಂಗ್’ ಇದೆ. ಹೆಸರೇ ಹೇಳುವಂತೆ ಅದು ದುಡಿಮೆಯ ಹಾಡು. ಮೈಮುರಿದು ದುಡಿಯುವ ಒಬ್ಬ ಗಂಡಸು ತನ್ನ ಸಂಗಾತಿಗಳ ನಡುವೆ ನಿಂತು ಮನೆಯಲ್ಲಿರುವ ಹೆಣ್ಣನ್ನು ನೆನೆಯುತ್ತಾನೆ. ತಾನು ಕೆಟ್ಟು ನಿಂತಾಗ ಕಾರಣ ಕೇಳದೆ ಆಸರೆಯಾದವಳು ಅವಳು. ಸತ್ತು ಮಣ್ಣಾದರೂ ಗೋರಿ ತನ್ನನ್ನು ಹಿಡಿದಿಡಲಾರದು, ಅವಳ ಬಳಿಗೆ ಮರಳಿ ಬಂದೇ ಬರುತ್ತೇನೆ ಎಂಬುದು ಹಾಡಿನ ಪಲ್ಲವಿಯ ಭಾವ. ಗತಿ ನಿಧಾನ, ಹಿನ್ನೆಲೆಯಲ್ಲಿ ಗುನುಗುವ ದನಿಗಳು. ಕಣ್ಣು ಮುಚ್ಚಿ ಕೇಳಿದರೆ ಪ್ರಾರ್ಥನೆಯೋ ಪ್ರಣಯವೋ ತಿಳಿಯದು.

ಗೋರಿಯನ್ನು ಮೀರುವ ಆ ಮಾತು ಆಕಾಶದಿಂದ ಬಿದ್ದುದಲ್ಲ. ಅಮೆರಿಕದ ಧರ್ಮಬೋಧಕ ಕ್ಲಾಡ್ ಈಲಿಯ ಹೆಸರಿನಲ್ಲಿ ಪ್ರಸಿದ್ಧವಾದ ಒಂದು ಗಾಸ್ಪೆಲ್ ಗೀತೆಯಲ್ಲಿ ಅದು ಸತ್ತವರು ಮರಳಿ ಏಳುವರೆಂಬ ಧಾರ್ಮಿಕ ನಂಬಿಕೆಯಾಗಿತ್ತು. ಹೋಜಿಯರ್ ಹಾಡಿನಲ್ಲಿ ಅದು ಪ್ರೇಮಿಯ ಹಟ. ಇಂಥ ಸಾಗಾಟಕ್ಕೆ ಆ ಸಂಗೀತದಲ್ಲಿ ದೀರ್ಘ ಇತಿಹಾಸವಿದೆ. ರೇ ಚಾರ್ಲ್ಸ್ 1954ರಲ್ಲಿ ಗಾಸ್ಪೆಲ್ ಗೀತೆಯೊಂದರ ಧಾಟಿಗೆ ಪ್ರೇಮದ ಮಾತು ಕೂಡಿಸಿದಾಗ, ಚರ್ಚಿನ ಹಾಡನ್ನು ಹೊಲೆಗೆಡಿಸಿದನೆಂದು ಬೈದವರು ಹಲವರು. ಅದಕ್ಕೂ ಮೊದಲೇ ಹಾಡು ಎದುರು ದಿಕ್ಕಿನಲ್ಲಿಯೂ ಸಂಚರಿಸಿತ್ತು. ಗಾಸ್ಪೆಲ್ ಸಂಗೀತದ ಪಿತಾಮಹರೆನಿಸಿದ ಥಾಮಸ್ ಡಾರ್ಸಿ ಮೊದಲು ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ ಪೋಲಿ ಬ್ಲೂಸ್ ಹಾಡುತ್ತಿದ್ದವರು. 1932ರಲ್ಲಿ ಹೆಂಡತಿ ಹೆರಿಗೆಯಲ್ಲಿ ತೀರಿಹೋಗಿ, ಕೂಸೂ ಉಳಿಯದೆ ಹೋದಾಗ ಅವರು ದೇವರ ಕೈ ಹಿಡಿಯಲು ಬೇಡುವ ಗೀತೆಯನ್ನು ಕಟ್ಟಿದರು. ಹೆಂಡಿರು ಮಕ್ಕಳ ಅಗಲಿಕೆಯಿಂದ ಹುಟ್ಟಿದ ಹಾಡು ಚರ್ಚಿನ ಒಳಗೆ ಹೋಯಿತು. ಚರ್ಚಿನ ಹಾಡು ಒಲವಿನ ಅಂಗಳಕ್ಕೆ ಬಂತು. ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ.

ಈಗ ಹೇಳಿ, ಇದು ನಮಗೆ ಅಪರಿಚಿತವೆ? ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯ ಅಕ್ಕಮಹಾದೇವಿ ಸಾವು ಮುಟ್ಟದ ಚೆಲುವನನ್ನು ವರಿಸಿದೆನೆಂದಳು. ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಹಕ್ಕಿಗಳನ್ನು ಕೇಳುತ್ತ ಕಾಡು ಅಲೆದಳು. ಐರ್ಲೆಂಡಿನವನು ದೇವರಿಗೆ ಮೀಸಲಾದ ಮಾತನ್ನು ಹೆಣ್ಣಿಗೆ ಒಪ್ಪಿಸಿದರೆ, ನಮ್ಮ ಅಕ್ಕ ಗಂಡಿಗೆ ಮೀಸಲಾದ ಮಾತನ್ನು ದೇವರಿಗೆ ಒಪ್ಪಿಸಿದಳು. ಇಬ್ಬರೂ ಪಂಥ ಕಟ್ಟಿದ್ದು ಮರಣದೊಡನೆಯೇ.

‘ಅದು ಜೀವಾತ್ಮ ಪರಮಾತ್ಮರ ಸಂಕೇತ, ಅಲ್ಲಿ ದೇಹವನ್ನು ಹುಡುಕಬೇಡಿ’ ಎಂದು ತಿದ್ದುವವರಿದ್ದಾರೆ. ಅವರಿಗೆ ನಮ್ಮ ಉತ್ತರ ಇಷ್ಟೆ: ಉಪಮೆ ನಿಲ್ಲಬೇಕಾದರೆ ಉಪಮಾನ ನಿಜವಾಗಿರಬೇಕು. ವಿರಹವೆಂದರೇನೆಂದು ಮೈ ಅರಿಯದ ನಾಡಿನಲ್ಲಿ ಅಕ್ಕನ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಶರಣ ಸತಿ, ಲಿಂಗ ಪತಿ ಎಂಬ ಭಾವವನ್ನು ಒಪ್ಪಿದ ಪರಂಪರೆ ಸಂಸಾರದ ನುಡಿಯನ್ನು ಮೈಲಿಗೆಯೆಂದು ಬಗೆದಿರಲಿಲ್ಲ. ಹಾಗೆ ಬಗೆದದ್ದು ಈಚಿನ ನಮ್ಮ ಸಭಾಮರ್ಯಾದೆ.

ಇನ್ನು ದುಡಿಮೆಯ ಮಾತು. ಬೀಸುವ ಕಲ್ಲಿನ ಮುಂದೆ ಕುಳಿತ ನಮ್ಮ ಅಜ್ಜಿಯರು ಮೊದಲು ಕಲ್ಲಿಗೆ ಕೈಮುಗಿದು, ದೇವರನ್ನು ನೆನೆದು, ಅದೇ ಉಸಿರಿನಲ್ಲಿ ತವರನ್ನು, ಅಣ್ಣನನ್ನು, ಗಂಡನ ಒಲವನ್ನು, ಅವನ ಮುನಿಸನ್ನು ತ್ರಿಪದಿಗೆ ಇಳಿಸಿದರು. ಕಣದಲ್ಲಿ ರಾತ್ರಿಯೆಲ್ಲ ಎತ್ತು ಹೊಡೆಯುತ್ತ ರೈತರು ಹಂತಿಯ ಪದಗಳಲ್ಲಿ ಶಿವನ ಕಥೆ ಹಾಡಿದರು. ತುಳುನಾಡಿನ ಹೆಂಗಸರು ನೇಜಿ ನೆಡುವಾಗ ಓಬೇಲೆ ಹಾಡಿದರು. ಭೀಮಾ ತೀರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಇಂಥ ಹೆಂಗಸರ ಬಾಯಿಂದ ಕೇಳಿ ಕೂಡಿಹಾಕಿದ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಭಕ್ತಿ ಎಲ್ಲಿ ಮುಗಿಯಿತು, ಪ್ರೀತಿ ಎಲ್ಲಿ ಶುರುವಾಯಿತು ಎಂದು ಅದರಲ್ಲಿ ಗೆರೆ ಎಳೆಯಲು ಹೊರಟವರು ಸೋಲುತ್ತಾರೆ.

ನಾವು ಅನ್ನ ಉಣ್ಣುತ್ತಿರುವ ಈ ಮರಾಠಿ ನೆಲವೂ ಅದನ್ನೇ ಹೇಳುತ್ತದೆ. ಸಂತ ಜನಾಬಾಯಿಯ ಅಭಂಗಗಳಲ್ಲಿ ವಿಠ್ಠಲ ಅವಳ ಜೊತೆ ಕುಳಿತು ಕಲ್ಲು ಬೀಸುತ್ತಾನೆ. ಪುರಂದರದಾಸರು ಅಂಕಿತವಾಗಿ ಇಟ್ಟುಕೊಂಡದ್ದೂ ಅದೇ ವಿಠ್ಠಲನ ಹೆಸರನ್ನು. ಕಲ್ಯಾಣದ ಕಡೆಯಿಂದ ಹೊರಡುವ ಬೆಳಗಿನ ಲೋಕಲ್‌ಗಳಲ್ಲಿ, ಉಸಿರಾಡಲೂ ಜಾಗವಿಲ್ಲದ ಡಬ್ಬಿಗಳಲ್ಲಿ, ತಾಳ ಹಿಡಿದು ಭಜನೆ ಹಾಡುವ ಮರಾಠಿ ನೌಕರರನ್ನು ನಾವೆಲ್ಲ ಕಂಡಿದ್ದೇವೆ. ಅದು ದೇವರ ಹಾಡು ಹೌದು. ದಿನದ ದುಡಿಮೆಗೆ ಮೈ ಸಜ್ಜುಗೊಳಿಸುವ ಹಾಡೂ ಹೌದು.

ನಮ್ಮ ವೇದಿಕೆಗಳಲ್ಲಿ ನಡೆಯುತ್ತಿರುವುದೇನು? ನವೆಂಬರಿನ ಕಾರ್ಯಕ್ರಮಕ್ಕೆ ದೀಪ ಬೆಳಗಿದ ಕೂಡಲೇ ಅಕ್ಕನ ಒಂದು ವಚನ, ಶ್ರುತಿ ಮೀರದೆ, ಭಾವ ಮುಟ್ಟದೆ. ನಡುವೆ ಒಂದು ‘ಜಾನಪದ ನೃತ್ಯ’: ರೇಷ್ಮೆ ಸೀರೆ, ಬಣ್ಣ ಬಳಿದ ರಟ್ಟಿನ ಒನಕೆ, ಧ್ವನಿಮುದ್ರಿತ ಹಾಡು. ಕೊನೆಗೆ ಸಿನಿಮಾ ಗೀತೆಗಳು, ಆಮೇಲೆ ಊಟ. ಹಾಡನ್ನು ಅದರ ಬೆವರಿನಿಂದ ಬೇರ್ಪಡಿಸಿದ ಮೇಲೆ ಉಳಿಯುವುದು ಅಲಂಕಾರ. ಅಲಂಕಾರ ಕಂಡು ಮಕ್ಕಳ ಎದೆ ಏಕೆ ತಟ್ಟೀತು? ಅದೇ ಮಕ್ಕಳು ಹೋಜಿಯರ್ ಹಾಡಿನಲ್ಲಿ ದುಡಿಮೆ, ದೈವ, ಒಲವು ಮೂರೂ ಒಂದೇ ಉಸಿರಾಗಿ ಬಂದಾಗ ಮನಸೋತರೆ ಅದು ಅವರ ಕೆಟ್ಟ ಅಭಿರುಚಿಯಲ್ಲ, ಒಳ್ಳೆಯ ಕಿವಿ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವೂ ಇದೆ. ಗುಲಾಮಗಿರಿಯ ನೊಗ ಹೊತ್ತ ಕಪ್ಪು ಜನರ ಗದ್ದೆಗಳಲ್ಲಿ, ಬೇಡಿ ತೊಟ್ಟ ಕೈದಿಗಳ ಸಾಲುಗಳಲ್ಲಿ ಬೆಳೆದ ಹಾಡಿನ ಬಗೆಯನ್ನು ಬಿಳಿಯ ಐರಿಷ್ ಯುವಕನೊಬ್ಬ ಹಾಡಿ ಹೆಸರು ಗಳಿಸುವುದು ಸರಿಯೆ? ಎರವಲು ತಪ್ಪಲ್ಲ, ಋಣವನ್ನು ಮುಚ್ಚಿಡುವುದು ತಪ್ಪು ಎಂಬುದು ನಮ್ಮ ನಿಲುವು. ಹೋಜಿಯರ್ 2018ರಲ್ಲಿ ಗಾಸ್ಪೆಲ್‌ನ ಹಿರಿಯ ಗಾಯಕಿ ಮೇವಿಸ್ ಸ್ಟೇಪಲ್ಸ್ ಅವರೊಡನೆ ಹಾಡಿದ ‘ನೀನಾ ಕ್ರೈಡ್ ಪವರ್’ನಲ್ಲಿ ತಮಗೆ ದಾರಿ ತೋರಿದವರ ಹೆಸರುಗಳನ್ನು ಒಂದೊಂದಾಗಿ ಕರೆದರು. ನಾವು ಯಾರ ಹೆಸರನ್ನು ಕರೆದಿದ್ದೇವೆ? ‘ಜಾನಪದ’ ಎಂಬ ಒಂದು ಪದದ ಹಿಂದೆ ಸಾವಿರಾರು ಹೆಂಗಸರನ್ನು ಅನಾಮಿಕರನ್ನಾಗಿ ಮಾಡಿದ್ದೇವೆ. ನವಿಮುಂಬಯಿಯ ಕಟ್ಟಡಗಳನ್ನು ಏರಿಸಲು ಕಲಬುರಗಿ, ವಿಜಯಪುರಗಳ ಕಡೆಯಿಂದ ಬಂದು ಬೆಳಗಿನ ನಾಕಾಗಳಲ್ಲಿ ಕೂಲಿಗೆ ನಿಲ್ಲುವ ಕನ್ನಡಿಗರಿದ್ದಾರೆ. ನಮ್ಮ ರಟ್ಟಿನ ಒನಕೆಗಳ ನಿಜವಾದ ವಾರಸುದಾರರು ಅವರು. ಅವರ ಹೆಣ್ಣುಮಕ್ಕಳ ನೆನಪಿನಲ್ಲಿ ಇನ್ನೂ ಪದಗಳು ಉಳಿದಿರಬಹುದು. ನಮ್ಮ ಸಭಾಂಗಣಗಳ ಆಮಂತ್ರಣ ಪತ್ರಿಕೆ ಆ ನಾಕಾಗಳವರೆಗೆ ಹೋಗುವುದಿಲ್ಲ.

ಹೊರನಾಡಿನಲ್ಲಿರುವ ನಮಗೆ ಇದು ಬರಿಯ ರುಚಿಯ ಪ್ರಶ್ನೆಯಲ್ಲ. ಐರ್ಲೆಂಡಿನ ಬಹುಪಾಲು ಜನ ತಮ್ಮ ನುಡಿಯನ್ನು ಇಂಗ್ಲಿಷಿಗೆ ಬಿಟ್ಟುಕೊಟ್ಟವರು. ಆ ನಾಡಿನ ಹೋಜಿಯರ್ 2023ರ ಸಂಪುಟದಲ್ಲಿ ಇಂಗ್ಲಿಷ್ ಹಾಡೊಂದರ ಕೊನೆಗೆ ಐರಿಷ್ ನುಡಿಯಲ್ಲಿ ಹಾಡಿದಾಗ, ಆ ನುಡಿಗೆ ಎಳೆಯರ ಕಿವಿಯೊಳಗೆ ಜಾಗ ಸಿಕ್ಕಿತು. ದೇವರ ಕೋಣೆಯಲ್ಲಿ ಮಾತ್ರ ಉಳಿದ ನುಡಿಗೆ ಪೂಜೆ ಸಲ್ಲುತ್ತದೆ, ಬಳಕೆ ಸಲ್ಲುವುದಿಲ್ಲ. ಪ್ರೀತಿಸಲು, ಜಗಳವಾಡಲು, ದಣಿವಾರಿಸಿಕೊಳ್ಳಲು ಒದಗದ ಕನ್ನಡವನ್ನು ನಮ್ಮ ಮೊಮ್ಮಕ್ಕಳು ವರ್ಷಕ್ಕೊಮ್ಮೆ ದೀಪ ಹಚ್ಚಿ ನೋಡಿಯಾರು, ಅಷ್ಟೆ.

ಆದುದರಿಂದ ನಮ್ಮ ಬೇಡಿಕೆ ಸರಳ. ಬರುವ ರಾಜ್ಯೋತ್ಸವದಲ್ಲಿ ಒಂದು ಗಂಟೆಯನ್ನು ಧ್ವನಿಮುದ್ರಿತ ಹಾಡಿನಿಂದ ಬಿಡಿಸಿಕೊಳ್ಳಿ. ಅಕ್ಕನ ವಚನವನ್ನು ಒಲವಿನ ಹಾಡೆಂದೇ ಹಾಡಿಸಿ. ನಾಕಾದ ತಾಯಂದಿರನ್ನು ಅವರ ಹೆಸರು ಹಿಡಿದು ಕರೆದು, ಮುಂದಿನ ಸಾಲಿನಲ್ಲಿ ಕೂರಿಸಿ, ಅವರು ಒಪ್ಪಿದರೆ ಹಾಡಿಸಿ, ಗೌರವಧನ ಕೊಡಿ. ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿಯುವ ಮಕ್ಕಳಿಗೆ ಆ ಪದಗಳನ್ನು ದಾಖಲಿಸುವ ಕೆಲಸ ಒಪ್ಪಿಸಿ. ಆ ಮೇಲೂ ಅವರು ಹೋಜಿಯರ್ ಹಾಡು ಕೇಳಲಿ, ಅಡ್ಡಿಯಿಲ್ಲ. ಅದರ ಪಕ್ಕದಲ್ಲಿ ಬೀಸುವ ಕಲ್ಲಿನ ಪದವೂ ಅವರ ಕಿವಿಗೆ ಬೀಳಲಿ.