ಸರಿ ಉತ್ತರದ ಆಚೆಗಿನ ಅಮೆರಿಕ

ಅಮೆರಿಕದ ಪೌರತ್ವ ಬಯಸುವವರಿಗಾಗಿ 2008ರಲ್ಲಿ ಜಾರಿಗೆ ಬಂದ ನೂರು ಪ್ರಶ್ನೆಗಳ ಪಟ್ಟಿಯಲ್ಲಿ ಅಂತರ್ಯುದ್ಧಕ್ಕೆ ಕಾರಣವಾದ ಒಂದು ಸಮಸ್ಯೆಯನ್ನು ಹೆಸರಿಸಿ ಎಂಬ ಪ್ರಶ್ನೆಯಿದೆ. ಒಪ್ಪಿಕೊಳ್ಳುವ ಉತ್ತರಗಳು ಮೂರು: ಗುಲಾಮಗಿರಿ, ಆರ್ಥಿಕ ಕಾರಣಗಳು, ರಾಜ್ಯಗಳ ಹಕ್ಕು. ಯಾವುದನ್ನು ಹೇಳಿದರೂ ಸರಿ. ಆದರೆ 1861ರ ಜನವರಿಯಲ್ಲಿ ಒಕ್ಕೂಟ ಬಿಟ್ಟು ಹೊರಟ ಮಿಸಿಸಿಪಿ ರಾಜ್ಯ, ತಾನು ಯಾಕೆ ಹೊರಟೆ ಎಂಬುದನ್ನು ತಾನೇ ಬರೆದಿಟ್ಟಿದೆ. ಗುಲಾಮಗಿರಿಯ ವ್ಯವಸ್ಥೆಗೂ ತನ್ನ ನಿಲುವಿಗೂ ಭೇದವೇ ಇಲ್ಲ ಎಂದು ಆ ಘೋಷಣೆ ಆರಂಭದಲ್ಲೇ ಸಾರುತ್ತದೆ. ಹೋರಾಡಿದವರೇ ಮುಚ್ಚುಮರೆಯಿಲ್ಲದೆ ಹೇಳಿದ್ದನ್ನು ಪಟ್ಟಿ ಮೂರು ಸಮಾನ ಉತ್ತರಗಳಲ್ಲಿ ಒಂದಾಗಿಸಿತು. ಆ ಪಟ್ಟಿಯನ್ನು ಪೂರ್ತಿ ಉರುಹೊಡೆದವನಿಗೆ ಅಮೆರಿಕದ ಇತಿಹಾಸ ಗೊತ್ತಿದೆ ಎನ್ನಬಹುದೇ? ಗೊತ್ತಿದೆಯೋ ಇಲ್ಲವೋ ಎಂದು ನೋಡುವ ಬಗೆ ಬೇರೆ ಯಾವುದು?

ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ನೆಲೆಸಿರುವ ನಮ್ಮಂಥವರಿಗೆ ಇದು ದೂರದ ಪ್ರಶ್ನೆಯಲ್ಲ. ಈ ದೇಶದಲ್ಲಿ ಕಾಯಂ ಆಗಿ ಉಳಿಯಲು ನಾವೂ 'ಲೈಫ್ ಇನ್ ದ ಯುಕೆ' ಎಂಬ ಪರೀಕ್ಷೆ ಬರೆದವರೇ: 45 ನಿಮಿಷ, 24 ಪ್ರಶ್ನೆ, 18 ಸರಿಯಾದರೆ ಪಾಸು. ಅದರ ಕೈಪಿಡಿ ಗುಲಾಮಗಿರಿಯ ಮತ್ತು ಸಾಮ್ರಾಜ್ಯದ ಕಥೆಯನ್ನು ದಾರಿ ತಪ್ಪಿಸುವಂತೆ ಹೇಳುತ್ತದೆ ಎಂದು 2020ರಲ್ಲಿ ನೂರಕ್ಕೂ ಹೆಚ್ಚು ಇತಿಹಾಸಕಾರರು ಬಹಿರಂಗ ಪತ್ರ ಬರೆದರು. ಇನ್ನು ನಮ್ಮ ಮಕ್ಕಳಲ್ಲಿ ಅನೇಕರು ಜಿಸಿಎಸ್ಇಗೆ ಅಮೆರಿಕವನ್ನೇ ಓದುತ್ತಾರೆ. ಎಕ್ಯೂಎ ಪರೀಕ್ಷಾ ಮಂಡಳಿಯ ಆಯ್ಕೆಗಳಲ್ಲಿ 1840ರಿಂದ 1895ರವರೆಗಿನ ಅಮೆರಿಕವಿದೆ, 1920ರಿಂದ 1973ರವರೆಗಿನ ಅಮೆರಿಕವೂ ಇದೆ. ನ್ಯೂಜೆರ್ಸಿಯಲ್ಲೋ ಡಲ್ಲಾಸಿನಲ್ಲೋ ಇರುವ ಅಣ್ಣ ಅತ್ತಿಗೆ ಪೌರತ್ವದ ಪ್ರಶ್ನೆಗಳನ್ನು ಬಾಯಿಪಾಠ ಮಾಡುತ್ತಿರುವಾಗ ಇಲ್ಲಿ ಮಗಳು ಊಟದ ಮೇಜಿನ ಮೇಲೆ ಅದೇ ಅಂತರ್ಯುದ್ಧದ ಟಿಪ್ಪಣಿ ಹರಡಿಕೊಂಡು ಕೂತಿರುತ್ತಾಳೆ.

ಸಂಗತಿಗಳು ಗೊತ್ತಿಲ್ಲವೆಂಬ ಗೋಳು ಹಳೆಯದು. ಬೆಲ್ ಮತ್ತು ಮೆಕಲಮ್ ಎಂಬಿಬ್ಬರು ಟೆಕ್ಸಾಸ್‌ನ ವಿದ್ಯಾರ್ಥಿಗಳನ್ನು ಪರೀಕ್ಷಿಸಿ 1917ರಲ್ಲೇ ಫಲಿತಾಂಶ ಪ್ರಕಟಿಸಿದ್ದರು. ಮಕ್ಕಳು ಥಾಮಸ್ ಜೆಫರ್‌ಸನ್‌ನನ್ನೂ ದಕ್ಷಿಣದ ನಾಯಕ ಜೆಫರ್‌ಸನ್ ಡೇವಿಸ್‌ನನ್ನೂ ಒಬ್ಬನೇ ಎಂದುಕೊಂಡಿದ್ದರು. ನೂರು ವರ್ಷ ಕಳೆದರೂ ಅಂಕಗಳು ಮೇಲೆದ್ದಿಲ್ಲ. 2022ರ ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ ಎಂಟನೇ ತರಗತಿಯವರ ಪೈಕಿ ಇತಿಹಾಸದಲ್ಲಿ 'ಪ್ರವೀಣ' ಮಟ್ಟ ಮುಟ್ಟಿದವರು ನೂರಕ್ಕೆ 13 ಮಂದಿ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಸ್ಯಾಮ್ ವೈನ್‌ಬರ್ಗ್ 1991ರಲ್ಲಿ ಪ್ರಕಟಿಸಿದ ಅಧ್ಯಯನ. 1775ರ ಲೆಕ್ಸಿಂಗ್ಟನ್ ಘರ್ಷಣೆಯ ಕುರಿತ ದಾಖಲೆಗಳನ್ನು ಅವರು ಇತಿಹಾಸಕಾರರಿಗೂ ಶಾಲೆಯ ಜಾಣ ಮಕ್ಕಳಿಗೂ ಕೊಟ್ಟು, ಓದುತ್ತಾ ಮನಸ್ಸಿನಲ್ಲಿ ಬಂದದ್ದನ್ನು ಗಟ್ಟಿಯಾಗಿ ಹೇಳಲು ಕೇಳಿದರು. ಆ ಇತಿಹಾಸಕಾರರಲ್ಲಿ ಅರ್ಧದಷ್ಟು ಮಂದಿ ಅಮೆರಿಕದ ಇತಿಹಾಸದ ತಜ್ಞರೇ ಅಲ್ಲ. ಆದರೂ ಅವರು ಯಾರು ಬರೆದದ್ದು, ಯಾವಾಗ, ಯಾರಿಗಾಗಿ ಎಂದು ಮೊದಲು ನೋಡಿಕೊಂಡೇ ಒಕ್ಕಣೆಗೆ ಇಳಿದರು. ಮಕ್ಕಳು ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಓದಿ, ಅದರಲ್ಲಿದ್ದದ್ದನ್ನು ಮಾಹಿತಿ ಎಂದು ಎತ್ತಿಕೊಂಡರು.

ಹಾಗೆಂದು ಇಸವಿಗಳನ್ನು ಕಡೆಗಣಿಸುವವರ ಜೊತೆ ನಾನಿಲ್ಲ. ದಿನಾಂಕ ಗೊತ್ತಿಲ್ಲದವನು ಕಾರಣದ ಬಗ್ಗೆ ಮಾತಾಡಲಾರ. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯದೆ ಯಾವುದರಿಂದ ಯಾವುದು ಹುಟ್ಟಿತೆಂದು ಹೇಗೆ ಹೇಳುವುದು? ನನ್ನ ಮಾತು ಇಷ್ಟೆ: ಇತಿಹಾಸದ ತಿಳಿವಳಿಕೆಯನ್ನು ಪರೀಕ್ಷಿಸುವುದೆಂದರೆ ನಮ್ಮಲ್ಲಿರುವ ಸರಿ ಉತ್ತರವನ್ನೇ ಕಟಕಟೆಗೆ ಕರೆಯುವುದು. ಈ ಉತ್ತರ ಏನನ್ನು ಬಿಟ್ಟಿದೆ, ಬೆಲೆ ತೆತ್ತವರು ಯಾರು, ಇದಕ್ಕೆ ಎದುರು ಸಾಕ್ಷಿ ಎಲ್ಲಿದೆ? ಈ ಪ್ರಶ್ನೆಗಳನ್ನು ಕೇಳಲು ಅಮೆರಿಕಕ್ಕೆ ಹೋಗಬೇಕಿಲ್ಲ.

ಈಸ್ಟ್ ಡಿಡ್ಸ್‌ಬರಿಯಿಂದ ಟ್ರಾಮ್ ಹತ್ತಿ ಸೇಂಟ್ ಪೀಟರ್ಸ್ ಸ್ಕ್ವೇರಿನಲ್ಲಿ ಇಳಿದು ಆಲ್ಬರ್ಟ್ ಸ್ಕ್ವೇರ್ ದಾಟಿದರೆ ಲಿಂಕನ್ ಸ್ಕ್ವೇರ್ ಸಿಗುತ್ತದೆ. ಅಲ್ಲಿ ನಿಂತಿರುವ ಕಂಚಿನ ಲಿಂಕನ್ ಜಾರ್ಜ್ ಗ್ರೇ ಬಾರ್ನಾರ್ಡ್ ಎಂಬ ಶಿಲ್ಪಿಯ ಕೆಲಸ. ಗಡ್ಡವಿಲ್ಲ. ದೊಡ್ಡ ಕೈಗಳೆರಡೂ ಹೊಟ್ಟೆಯ ಮೇಲೆ ಒಂದರ ಮೇಲೊಂದು. ಲಂಡನ್ನಿಗೆಂದು ಗೊತ್ತುಮಾಡಿದ್ದ ಪ್ರತಿಮೆ ಇದು. ರಾಷ್ಟ್ರಾಧ್ಯಕ್ಷನಿಗೆ ತಕ್ಕ ಗಾಂಭೀರ್ಯ ಇದರಲ್ಲಿಲ್ಲ ಎಂಬ ಗದ್ದಲವೆದ್ದು ಲಂಡನ್ನಿಗೆ ಬೇರೊಂದು ಪ್ರತಿಮೆ ಹೋಯಿತು. ಇದು 1919ರಲ್ಲಿ ಮ್ಯಾಂಚೆಸ್ಟರಿಗೆ ಬಂತು. ಮೊದಲು ನಿಂತದ್ದು ನಮ್ಮ ವಿಲ್ಮ್‌ಸ್ಲೋ ರಸ್ತೆಯಲ್ಲೇ ಉತ್ತರಕ್ಕೆ ಹೋದರೆ ಸಿಗುವ ಪ್ಲ್ಯಾಟ್ ಫೀಲ್ಡ್ಸ್ ಪಾರ್ಕಿನಲ್ಲಿ, 1986ರಲ್ಲಿ ಈಗಿನ ಜಾಗಕ್ಕೆ. ಪೀಠದ ಮೇಲೆ ಲಿಂಕನ್ ಈ ಊರಿನ ಕಾರ್ಮಿಕರಿಗೆ 1863ರ ಜನವರಿ 19ರಂದು ಬರೆದ ಪತ್ರದ ಮಾತುಗಳಿವೆ. ಪತ್ರ ಬರೆದ ಲಿಂಕನ್‌ಗೆ ಗಡ್ಡವಿತ್ತು. ಪೀಠದ ಮೇಲೆ ನಿಂತಿರುವವನು ಅಧ್ಯಕ್ಷನಾಗುವ ಮುಂಚಿನ ಲಿಂಕನ್. ಎರಡು ಕಾಲಗಳನ್ನು ಒಂದೇ ಪೀಠಕ್ಕೆ ಏರಿಸಿದ್ದಾರೆ.

ಹಿನ್ನೆಲೆ ಗೊತ್ತಿರುವಂಥದೇ. ಬ್ರಿಟನ್ನಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಗುಲಾಮರು ಬೆಳೆದ ಅಮೆರಿಕದ ಹತ್ತಿ. 1861ರಲ್ಲಿ ಯುದ್ಧ ಶುರುವಾಗಿ ಉತ್ತರದವರು ದಕ್ಷಿಣದ ಬಂದರುಗಳನ್ನು ದಿಗ್ಬಂಧಿಸಿದ ಮೇಲೆ ಲ್ಯಾಂಕಾಶೈರಿನ ಮಗ್ಗಗಳು ನಿಂತವು. 1862ರ ಡಿಸೆಂಬರ್ 31ರಂದು ಫ್ರೀ ಟ್ರೇಡ್ ಹಾಲಿನಲ್ಲಿ ಸೇರಿದ ಸಭೆ, ಹಸಿವಿನ ನಡುವೆಯೂ, ಗುಲಾಮಗಿರಿ ಅಳಿಸುವ ಕೆಲಸಕ್ಕೆ ಬೆಂಬಲ ಸೂಚಿಸಿ ಲಿಂಕನ್‌ಗೆ ಬಿನ್ನವತ್ತಳೆ ಕಳಿಸಿತು. ಮರುದಿನ ಲಿಂಕನ್‌ನ ಗುಲಾಮರ ವಿಮೋಚನಾ ಘೋಷಣೆ ಜಾರಿಗೆ ಬಂತು. ಅವರ ಸಂಕಟ ತನಗೆ ಗೊತ್ತಿದೆ, ಅವರು ತೋರಿದ ಧೀರತನ ದೊಡ್ಡದು ಎಂದು ಲಿಂಕನ್ ಉತ್ತರಿಸಿದ. ಫೆಬ್ರುವರಿಯಲ್ಲಿ ನ್ಯೂಯಾರ್ಕಿನಿಂದ ಹಿಟ್ಟು ತುಂಬಿಕೊಂಡು ಜಾರ್ಜ್ ಗ್ರಿಸ್‌ವೋಲ್ಡ್ ಎಂಬ ಹಡಗು ಲಿವರ್‌ಪೂಲಿಗೆ ಬಂತು.

ಈ ಕಥೆ ನನಗೆ ಪ್ರಿಯ. ಪ್ರಿಯವಾದ್ದರಿಂದಲೇ ಇದನ್ನು ಹೆಚ್ಚು ಗಟ್ಟಿಯಾಗಿ ಪರೀಕ್ಷಿಸಬೇಕು. ಇದೇ ಊರಿನ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆ ಲಿಂಕನ್‌ನ ಪರವಾಗಿರಲಿಲ್ಲ. ಉತ್ತರದ ಹಡಗುಗಳನ್ನು ಬೇಟೆಯಾಡಿದ ದಕ್ಷಿಣದ ಅಲಬಾಮ ನೌಕೆ ಕಟ್ಟಿದ್ದು 1862ರಲ್ಲಿ, ಲಿವರ್‌ಪೂಲಿನ ಎದುರು ದಡದ ಬರ್ಕನ್‌ಹೆಡ್‌ನಲ್ಲಿ. ಲ್ಯಾಂಕಾಶೈರಿನಲ್ಲೇ ದಕ್ಷಿಣಕ್ಕೆ ಒಲವಿದ್ದ ಊರುಗಳಿದ್ದವು ಎಂದು ಮೇರಿ ಎಲಿಸನ್ 1972ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಲಿಂಕನ್ ಪತ್ರ ಬರೆದ ಎರಡೇ ತಿಂಗಳಿಗೆ, 1863ರ ಮಾರ್ಚಿನಲ್ಲಿ, ನೆರವನ್ನು ನಗದಿನ ಬದಲು ಚೀಟಿಯಲ್ಲಿ ಕೊಡುತ್ತಾರೆಂದು ಸ್ಟಾಲಿಬ್ರಿಡ್ಜಿನಲ್ಲಿ ದಂಗೆಯೆದ್ದಿತು. ವಿಮೋಚನಾ ಘೋಷಣೆಯೂ ಎಲ್ಲ ಗುಲಾಮರನ್ನು ಬಿಡಿಸಲಿಲ್ಲ. ಒಕ್ಕೂಟದಲ್ಲೇ ಉಳಿದ ಕೆಂಟಕಿ, ಡೆಲವೇರ್‌ಗಳಿಗೆ ಅದು ಅನ್ವಯಿಸಲಿಲ್ಲ, ಅಲ್ಲಿಯವರು 1865ರ ಡಿಸೆಂಬರಿನ ಸಂವಿಧಾನದ ಹದಿಮೂರನೇ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಇಷ್ಟೆಲ್ಲ ತಿಳಿದ ಮೇಲೂ ಫ್ರೀ ಟ್ರೇಡ್ ಹಾಲಿನ ಸಭೆಯ ಹಿರಿಮೆ ಕುಂದುವುದಿಲ್ಲ. ಊರೆಲ್ಲ ಒಂದೇ ದನಿಯಲ್ಲಿ ಕೂಗಿದ್ದಲ್ಲ, ಎದುರು ದನಿಗಳ ನಡುವೆ ಕೆಲವರು ಆರಿಸಿಕೊಂಡ ನಿಲುವು ಅದು ಎಂದು ಗೊತ್ತಾದಾಗ ನನ್ನ ಗೌರವ ಹೆಚ್ಚಿತು.

ಪ್ರತಿಮೆಯ ಪೀಠ ಹೇಳದೇ ಬಿಟ್ಟ ಇನ್ನೊಂದು ಕಡೆ ನಮ್ಮದು. 1840ರ ದಶಕದಲ್ಲೇ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣದಿಂದ ತೋಟಗಾರರನ್ನು ಕರೆಸಿ, ನ್ಯೂ ಆರ್ಲಿಯನ್ಸ್ ಬೀಜವನ್ನು ಧಾರವಾಡದ ಎರೆಹೊಲಗಳಲ್ಲಿ ಬಿತ್ತಿಸಿತ್ತು. ಭಾರತದ ಬೇರೆ ಅನೇಕ ಕಡೆ ಸೋತ ಆ ಪ್ರಯೋಗ ಧಾರವಾಡ, ಗದಗ ಸೀಮೆಯಲ್ಲಿ ಬೇರೂರಿತು. 'ಧಾರವಾಡ ಅಮೆರಿಕನ್' ಎಂಬ ಹೆಸರಿನಲ್ಲೇ ಅದು ಮಾರುಕಟ್ಟೆಗೆ ಹೋಗುತ್ತಿತ್ತು. ಜವಾರಿ ಹತ್ತಿಗೆ ಅದನ್ನು ಹೊರಕ್ಕೆ ಕಳಿಸುತ್ತಿದ್ದ ಬಂದರಿನ ಮೇಲೆ ಕುಮಟಾ ಹತ್ತಿ ಎಂಬ ಹೆಸರು ಬಿತ್ತು. ಮ್ಯಾಂಚೆಸ್ಟರಿನವರು ಯುದ್ಧಕ್ಕೆ ಮೊದಲೇ, 1857ರಲ್ಲೇ, ಹತ್ತಿ ಪೂರೈಕೆಗೊಂದು ಸಂಘ ಕಟ್ಟಿದ್ದರು. ಇಲ್ಲಿಯ ಒಂದು ಕಂಪನಿ ಕಾರವಾರದ ಬಂದರಿನ ಮೇಲೆ ಆಸೆಯಿಟ್ಟು ಏಜೆಂಟರನ್ನು ಅಲ್ಲಿಗೇ ಕಳಿಸಿತು. 1862ರಲ್ಲಿ ಉತ್ತರ ಕನ್ನಡ ಮದರಾಸಿನ ಕೈಬಿಟ್ಟು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಈ ಬಂದರಿನ, ಈ ಹತ್ತಿಯ ಲೆಕ್ಕಾಚಾರವಿತ್ತು. ಕನ್ನಡ ನಾಡಿನ ಒಂದು ಜಿಲ್ಲೆ 1956ರ ಏಕೀಕರಣದವರೆಗೆ ಯಾವ ಆಡಳಿತದಲ್ಲಿತ್ತು ಎಂಬುದನ್ನು ಬಿಡಿಸಿ ಹೇಳಲು ಹತ್ತಿಯ ಕಥೆ ಬೇಕು. ಹತ್ತಿಯ ಕಥೆಗೆ ಅಮೆರಿಕ ಬೇಕು.

ಯುದ್ಧದ ವರ್ಷಗಳಲ್ಲಿ ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಧಾರವಾಡದ ಒಳ್ಳೆಯ ಹತ್ತಿಗೆ ಕೀಳು ಹತ್ತಿ ಬೆರೆಸುವ ಮೋಸ ಎಷ್ಟು ಬೆಳೆಯಿತೆಂದರೆ ಬೊಂಬಾಯಿ ಸರ್ಕಾರ 1863ರಲ್ಲಿ ಅದರ ವಿರುದ್ಧವೇ ಕಾಯ್ದೆ ಮಾಡಬೇಕಾಯಿತು. ಮ್ಯಾಂಚೆಸ್ಟರಿನ ನೇಕಾರರಿಗೆ ಭಾರತದ ಹತ್ತಿ ಕಂಡರಾಗದು: ಎಳೆ ಗಿಡ್ಡ, ಕಸ ಹೆಚ್ಚು, ಮಗ್ಗದಲ್ಲಿ ಪದೇ ಪದೇ ತುಂಡಾಗುತ್ತದೆ. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಬೊಂಬಾಯಿಯ ವ್ಯಾಪಾರಿ ಮನೆತನಗಳು ದಿವಾಳಿಯೆದ್ದವು.

ಇಲ್ಲಿ ಒಂದು ಎಚ್ಚರ ಬೇಕು. ಹತ್ತು ವರ್ಷದ ನಂತರ, 1876ರಿಂದ 78ರವರೆಗೆ, ಧಾರವಾಡ ಸೀಮೆಯನ್ನು ಭೀಕರ ಬರ ಹಿಂಡಿತು. ಜೋಳದ ಹೊಲವನ್ನು ಹತ್ತಿ ನುಂಗಿತು, ಅದಕ್ಕೇ ಜನ ಸತ್ತರು ಎಂದು ಲಿಂಕನ್‌ನಿಂದ ಬರದವರೆಗೆ ಒಂದೇ ಗೆರೆ ಎಳೆದುಬಿಡಬಹುದು. ಕೇಳುವವರ ಮನಸ್ಸಿಗೂ ಅದು ಥಟ್ಟನೆ ತಾಗುತ್ತದೆ. ಆದರೆ ಅದೇ ಬರ ಹತ್ತಿಯ ಸೀಮೆಯಲ್ಲದ ಕೋಲಾರ, ತುಮಕೂರಿನ ಕಡೆಯೂ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಮಳೆ ಕೈಕೊಟ್ಟದ್ದು, ಧಾನ್ಯದ ಬೆಲೆ ಏರಿದ್ದು, ಸರ್ಕಾರದ ಜಿಪುಣ ಪರಿಹಾರ ಎಲ್ಲವನ್ನೂ ತೂಗದೆ ಹತ್ತಿಯ ತಲೆಗೆ ಕಟ್ಟುವುದು ತಪ್ಪು. ನಮ್ಮೂರಿನ ಸಂಬಂಧ ಸಿಕ್ಕ ಖುಷಿಯಲ್ಲಿ ಸಾಕ್ಷಿಗಿಂತ ಮುಂದೆ ಓಡುವುದೂ ಅಜ್ಞಾನವೇ. ಉರುಹೊಡೆದವನ ಅಜ್ಞಾನಕ್ಕಿಂತ ಇದು ಹೆಚ್ಚು ಅಪಾಯಕಾರಿ, ಏಕೆಂದರೆ ಇದನ್ನು ಹೇಳುವವನು ತುಂಬ ತಿಳಿದವನಂತೆ ಕಾಣುತ್ತಾನೆ.

ಆದ್ದರಿಂದ ಮನೆಯಲ್ಲಿ ಮಕ್ಕಳನ್ನು ಪರೀಕ್ಷಿಸುವ ರೀತಿ ಬದಲಾಗಬೇಕು ಎಂಬುದು ನನ್ನ ಕಳಕಳಿಯ ಕೋರಿಕೆ. ಜಿಸಿಎಸ್ಇ ಪ್ರಶ್ನೆಪತ್ರಿಕೆಯೇ ಒಂದು ಘಟನೆಯ ಎರಡು ವ್ಯಾಖ್ಯಾನ ಕೊಟ್ಟು, ಅವು ಎಲ್ಲಿ ಬೇರೆಯಾಗುತ್ತವೆ, ಏಕೆ, ಯಾವುದು ಹೆಚ್ಚು ನಂಬಲರ್ಹ ಎಂದು ಕೇಳುತ್ತದೆ. ಅಪ್ಪ ಅಮ್ಮಂದಿರಾದ ನಾವು ಮಾತ್ರ ನಮ್ಮ ಶಾಲೆಯ ಅಭ್ಯಾಸದಂತೆ ಚೀಟಿಯಲ್ಲಿ ಇಸವಿ ಬರೆದು ಒಪ್ಪಿಸಲು ಹೇಳುತ್ತೇವೆ. ದೀಪಾವಳಿ ಕೂಟದ ರಸಪ್ರಶ್ನೆಯಲ್ಲೂ ಗುಂಡಿ ಮೊದಲು ಒತ್ತಿದವರಿಗೇ ಬಹುಮಾನ. ಇಸವಿ ಕೇಳಿ, ಬೇಡವೆನ್ನುವುದಿಲ್ಲ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಇರಲಿ: ಇದು ನಿನಗೆ ಹೇಗೆ ಗೊತ್ತು? ಏನು ಸಿಕ್ಕರೆ ನಿನ್ನ ಉತ್ತರ ಬದಲಿಸುತ್ತೀ?

ಅಭ್ಯಾಸಕ್ಕೆ ವಸ್ತು ಬೇಕಿದ್ದರೆ ನಮ್ಮ ಡಿಡ್ಸ್‌ಬರಿ ಗ್ರಂಥಾಲಯವೇ ಇದೆ. ವಿಲ್ಮ್‌ಸ್ಲೋ ರಸ್ತೆಯ ಈ ಕಟ್ಟಡ 1915ರಲ್ಲಿ ತೆರೆದದ್ದು ಆಂಡ್ರ್ಯೂ ಕಾರ್ನೆಗಿ ಕೊಟ್ಟ ಹಣದಿಂದ. ಸ್ಕಾಟ್ಲೆಂಡಿನಲ್ಲಿ ಕೈಮಗ್ಗದ ನೇಕಾರನ ಮಗನಾಗಿ ಹುಟ್ಟಿ, ಯಂತ್ರಮಗ್ಗಗಳು ಅಪ್ಪನ ಕಸುಬನ್ನು ಕಿತ್ತುಕೊಂಡ ಮೇಲೆ 1848ರಲ್ಲಿ ಅಮೆರಿಕಕ್ಕೆ ಹೋದ ಹುಡುಗ ಉಕ್ಕಿನ ದೊರೆಯಾಗಿ ಜಗತ್ತಿನಾದ್ಯಂತ 2,509 ಗ್ರಂಥಾಲಯಗಳಿಗೆ ಹಣ ಕೊಟ್ಟ. ಅವನದೇ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ ಕೂಲಿ ಕಡಿತದ ಜಗಳ 1892ರ ಜುಲೈ 6ರಂದು ರಕ್ತಪಾತಕ್ಕೆ ತಿರುಗಿ, ಕಾರ್ಮಿಕರೂ ಬಾಡಿಗೆಗೆ ತಂದ ಪಿಂಕರ್ಟನ್ ಕಾವಲುಗಾರರೂ ಸತ್ತರು. ಕಾರ್ನೆಗಿ ಆಗ ಸ್ಕಾಟ್ಲೆಂಡಿನಲ್ಲಿದ್ದ. ಕಾರ್ಖಾನೆಯನ್ನು ಹೆನ್ರಿ ಫ್ರಿಕ್ ನೋಡಿಕೊಳ್ಳುತ್ತಿದ್ದ. ಊರಲ್ಲಿರಲಿಲ್ಲವೆಂಬ ಮಾತ್ರಕ್ಕೆ ಮಾಲೀಕನ ಹೊಣೆ ತಪ್ಪದು ಎಂಬುದು ನನ್ನ ಅಭಿಪ್ರಾಯ. ಕೊಟ್ಟ ಪುಸ್ತಕಗಳು ಕಡಿದ ಕೂಲಿಯನ್ನು ತೀರಿಸುವುದಿಲ್ಲ ಎಂದೂ ನಾನು ವಾದಿಸುತ್ತೇನೆ. ಒಪ್ಪದವರು ಇದೇ ಗ್ರಂಥಾಲಯದಲ್ಲಿ ಕೂತು ಓದಿ ಮುಂದೆ ಬಂದವರನ್ನು ಸಾಕ್ಷಿಗೆ ಕರೆಯಬಹುದು. ಅದು ಗಟ್ಟಿಯಾದ ಸಾಕ್ಷಿಯೇ, ಅದಕ್ಕೆ ನಾನು ಉತ್ತರ ಹೇಳಬೇಕಾಗುತ್ತದೆ.