ಕ್ರೀಮ್ ಅಂದದ್ದೆಲ್ಲ ಕ್ರೀಮ್ ಅಲ್ಲ!

ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರು. ಹಾಜರಿ ಪುಸ್ತಕ, ಕಾಗದ ಪತ್ರ, ಮನೆ ಲೆಕ್ಕಕ್ಕೆಲ್ಲ ನೀಲಿ ಇಂಕು. ಮಕ್ಕಳ ಉತ್ತರ ಪತ್ರಿಕೆಗೆ ಕೆಂಪು ಇಂಕು. ಬಾಲ್‌ಪೆನ್ನು ಹಿಡಿದರೆ ಅಕ್ಷರ ಕೆಡುತ್ತೆ ಅಂತ ರಿಟೈರಾದ ಮೇಲೂ ಇಂಕ್ ಪೆನ್ನು ಬಿಟ್ಟವರಲ್ಲ. ಖಾಲಿಯಾದ ಬಾಟ್ಲಿಯನ್ನು ಬಿಸಾಡಿದವರೂ ಅಲ್ಲ! ಅವರು ತೀರಿಕೊಂಡ ಮೇಲೆ ತವರಿನ ಅಟ್ಟ ಚೊಕ್ಕ ಮಾಡುವಾಗ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ 13 ಬಾಟ್ಲಿ ಸಿಕ್ಕವು. ಬ್ರಿಲ್, ಕ್ಯಾಮೆಲ್, ಚೆಲ್‌ಪಾರ್ಕ್... ಕೆಲವದರ ಲೇಬಲ್ಲನ್ನು ಜಿರಲೆ ತಿಂದಿತ್ತು. "ಗುಜರಿಯವನಿಗೆ ಹಾಕೇ" ಅಂದಳು ಅಮ್ಮ. ನನಗೆ ಮನಸ್ಸು ಬರಲಿಲ್ಲ. ನಾವು ಮೂವರು ಅಕ್ಕತಂಗಿಯರು, ಒಬ್ಬ ತಮ್ಮ. ತಲೆಗೆ ಮೂರರಂತೆ ಚೆಂದ ಮಾಡಿ ಹಂಚಿದರೆ ಅಪ್ಪನ ನೆನಪು ಎಲ್ಲರ ಮನೆಯಲ್ಲೂ ಇರುತ್ತಲ್ಲ ಅನ್ನಿಸಿತು.

ಗಾಜಿಗೆ ಬಣ್ಣ ಬಳಿದರೆ ನಾಲ್ಕು ಸಲ ತೊಳೆಯುವಷ್ಟರಲ್ಲಿ ಚಕ್ಕೆ ಏಳುತ್ತೆ. ಎಚ್ಚಿಂಗ್ ಕ್ರೀಮ್ ಹಾಗಲ್ಲ. ಅದು ಗಾಜಿನ ಮೈಯನ್ನೇ ಒಂದಿಷ್ಟು ತಿಂದು ಹಾಲುಬಣ್ಣದ ಮಸುಕು ಚಿತ್ತಾರ ಮೂಡಿಸುತ್ತೆ. ಹಳೇ ಮನೆಗಳ ಬಚ್ಚಲ ಕಿಟಕಿಯಲ್ಲಿ ಇರ್ತಿತ್ತಲ್ಲ ಮಸುಕು ಗಾಜು, ಹಾಗೆ. ತಿಕ್ಕಿದರೂ ಹೋಗದು. ಅದರಲ್ಲೂ ಇಂಕ್ ಬಾಟ್ಲಿಯ ಗಾಜು ದಪ್ಪ, ಪಕ್ಕಗಳು ಚಪ್ಪಟೆ, ಹೊಸಬರ ಕೈಗೂ ಹೊಂದುತ್ತೆ. ಸರಿ, ಆನ್‌ಲೈನಿನಲ್ಲಿ ಒಂದು ಬಾಟ್ಲಿ ಕ್ರೀಮ್ ತರಿಸಿಯೇಬಿಟ್ಟೆ.

ಮುಚ್ಚಳ ತೆಗೆದರೆ ಗಟ್ಟಿ ಮೊಸರಿನಂಥ ಬಿಳೀ ಕ್ರೀಮು. ಡಬ್ಬಿಯ ಬೆನ್ನಿಗೆ ಇರುವೆ ಸಾಲಿನ ಹಾಗೆ ಇಂಗ್ಲಿಷ್ ಅಕ್ಷರ. ನಾನು ಬಿ.ಎ. ಓದಿದವಳು, ಇಂಗ್ಲಿಷ್ ಬರಲ್ಲ ಅಂತೇನಿಲ್ಲ. ಓದಲಿಲ್ಲ, ಅಷ್ಟೇ. ಮಧ್ಯಾಹ್ನದ ಪಾತ್ರೆ ತೊಳೆದು, ಅಡುಗೆಮನೆ ಕಟ್ಟೆಯ ಮೇಲೆ ಪೇಪರ್ ಹಾಸಿಕೊಂಡು, ಕೈತುಂಬ ಬಳೆ ಇಟ್ಟುಕೊಂಡೇ ಕೂತೆ. ಮೂರು ಬಾಟ್ಲಿ ಮುಗಿಸಿದೆ. ಮಣಿಕಟ್ಟಿಗೆ ಒಂದಿಷ್ಟು ಕ್ರೀಮ್ ತಾಕಿತು. ಉರಿಯಲಿಲ್ಲ, ತುರಿಸಲಿಲ್ಲ. ಸೆರಗಿನಲ್ಲಿ ಒರೆಸಿಕೊಂಡು ಕಾಫಿಗೆ ಇಟ್ಟೆ.

ರಾತ್ರಿ ಒಂದು ಗಂಟೆಗೆ ಎಚ್ಚರವಾಯಿತು. ಮೂಳೆಯನ್ನೇ ಯಾರೋ ಒಳಗಿಂದ ಹಿಂಡಿದ ಹಾಗೆ ನೋವು! ನೋಡಿದರೆ ಚರ್ಮ ಸ್ವಲ್ಪ ಕೆಂಪಗಾಗಿದೆ, ಅಷ್ಟೇ. ನಮ್ಮನೆಯವರು "ಏನೋ ಹುಳ ಮುಟ್ಟಿರಬೇಕು" ಅಂದರು. ಅತ್ತೆ ಎದ್ದು ಬಂದು ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದರು. ಬೆಳಗಾಗುವುದನ್ನೇ ಕಾದು ಡಾಕ್ಟರ ಹತ್ತಿರ ಹೋದೆವು.

"ಏನಾದ್ರೂ ಕೆಮಿಕಲ್ ಮುಟ್ಟಿದ್ರಾ?"

"ಇಲ್ಲ ಸಾರ್."

"ನಿನ್ನೆ ಏನೇನು ಕೆಲಸ ಮಾಡಿದ್ರಿ, ನೆನಪು ಮಾಡ್ಕೊಳ್ಳಿ."

"ಏನಿಲ್ಲ ಸಾರ್, ಮನೆಗೆಲಸ. ಆಮೇಲೆ ಬಾಟ್ಲಿಗೆ ಒಂದು ಕ್ರೀಮ್ ಹಚ್ಚಿದೆ, ಅಷ್ಟೇ."

ಅವರ ಪೆನ್ನು ಅಲ್ಲಿಗೇ ನಿಂತಿತು. ಗಾಜಿಗೆ ಹಚ್ಚುವ ಕ್ರೀಮಾ, ಅದರ ಡಬ್ಬಿ ಎಲ್ಲಿ ಅಂತ ಕೇಳಿದರು. ಡಬ್ಬಿ ಮನೆಯಲ್ಲಿ! ಇವರು ಸ್ಕೂಟರಿನಲ್ಲಿ ಓಡಿಹೋಗಿ ತಂದರು. ಲೇಬಲ್ ಓದಿದ ಡಾಕ್ಟರು ಕ್ಯಾಲ್ಸಿಯಂ ಗ್ಲುಕೊನೇಟ್ ಇಂಜೆಕ್ಷನ್ ಔಷಧಿಯನ್ನು ಜೆಲ್ಲಿಯಲ್ಲಿ ಕಲಸಿ ಮಣಿಕಟ್ಟಿಗೆ ಮತ್ತೆ ಮತ್ತೆ ಹಚ್ಚಿಸಿದರು. ನೋವು ಇಳಿಯುತ್ತಾ ಬಂತು. ತಾಕಿದ ಜಾಗ ಚಿಕ್ಕದಾದ್ದರಿಂದ ಬಚಾವಾದಿರಿ ಅಂದರು. ಎಂಟಾಣೆ ಅಗಲದ ಕಲೆ ಈಗಲೂ ಇದೆ. ಮನೆಗೆ ಬಂದು ನೋಡಿದರೆ ನನ್ನ ಹಸಿರು ಗಾಜಿನ ಬಳೆ ಎರಡು ಅಲ್ಲಲ್ಲಿ ಮಸುಕಾಗಿದ್ದವು. ಪೇಪರ್ ದಾಟಿ ಹನಿ ಬಿದ್ದ ಕಡೆ ಗ್ರಾನೈಟ್ ಕಟ್ಟೆಯ ಹೊಳಪೂ ಹೋಗಿತ್ತು.

ಇಷ್ಟಕ್ಕೂ ಇದರಲ್ಲಿ ಇರೋದೇನು? ಶಾಲೆಯ ಲ್ಯಾಬ್ ನೆನಪು ಮಾಡಿಕೊಳ್ಳಿ. ಸಲ್ಫ್ಯೂರಿಕ್, ನೈಟ್ರಿಕ್‌ನಂಥ ಉಗ್ರ ಆಸಿಡ್ಡೂ ಗಾಜಿನ ಬಾಟ್ಲಿಯಲ್ಲೇ ಇರ್ತಿದ್ದವು, ಅಲ್ವಾ? ಗಾಜಿನಲ್ಲಿ ಇಡಲಾಗದ ಆಸಿಡ್ ಹೈಡ್ರೋಫ್ಲೋರಿಕ್. ಗಾಜಿನ ಮೂಲವಸ್ತುವಾದ ಸಿಲಿಕಾವನ್ನೇ ಅದು ಕರಗಿಸುತ್ತೆ. 1771ರಲ್ಲಿ ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಷೀಲೆ ಈ ಆಸಿಡ್ ತಯಾರಿಸಿದಾಗ ಅವನ ಗಾಜಿನ ಪಾತ್ರೆಯೇ ಸವೆದಿತ್ತಂತೆ. ಎಚ್ಚಿಂಗ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಇರುವುದು ಇದೇ ಕುಟುಂಬದ ಬೈಫ್ಲೋರೈಡ್ ಲವಣಗಳು. ಅದಕ್ಕೇ ಅದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತೆ. ಬಾತ್‌ರೂಮಿನ ಆಸಿಡ್ ಕೈಗೆ ಬಿದ್ದರೆ ಚುರ್ ಅನ್ನುತ್ತೆ, ನಾವೂ ತಟ್ಟನೆ ನಲ್ಲಿಗೆ ಕೈ ಒಡ್ಡುತ್ತೇವೆ. ಇದು ಸದ್ದಿಲ್ಲದೆ ಚರ್ಮದೊಳಕ್ಕೆ ಇಳಿದು ಅಲ್ಲಿನ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತೆ. ನೋವು ಬರೋದು ಗಂಟೆಗಟ್ಟಲೆ ಆದಮೇಲೆ, ಕೆಲವೊಮ್ಮೆ ಮಾರನೇ ದಿನ. ದೇಹಕ್ಕೆ ಹೆಚ್ಚು ಸೇರಿದರೆ ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯಕ್ಕೇ ಅಪಾಯ. ಅರಿಶಿನಕ್ಕಾಗಲಿ ಸುಟ್ಟಗಾಯದ ಮುಲಾಮಿಗಾಗಲಿ ಬಗ್ಗುವ ಜಾತಿಯಲ್ಲ ಇದು.

ಹಾಗಾದರೆ ಮಾಡೋದೇ ಬೇಡವಾ? ನಾನು ಹಾಗನ್ನೋಲ್ಲ. ಉಳಿದ ಒಂಬತ್ತು ಬಾಟ್ಲಿಯನ್ನೂ ನಾನೇ ಮಾಡಿದೆ. ಆದರೆ ಈ ಸಲ ಅಡುಗೆಮನೆಯಲ್ಲಲ್ಲ, ಹಿತ್ತಲಲ್ಲಿ. ಬಳೆ, ಉಂಗುರ ಬಿಚ್ಚಿಟ್ಟು, ಪಾತ್ರೆ ತೊಳೆಯುವ ದಪ್ಪ ರಬ್ಬರ್ ಗ್ಲೌಸಿಗೆ ಮೊದಲು ನೀರು ತುಂಬಿಸಿ ತೂತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಉದ್ದ ತೋಳಿನ ಹಳೇ ಅಂಗಿ ತೊಟ್ಟು, ಕಣ್ಣಿಗೆ ಪ್ಲಾಸ್ಟಿಕ್ ಗಾಗಲ್ಸ್ ಹಾಕಿಕೊಂಡು. "ಇದೇನೇ, ಯುದ್ಧಕ್ಕೆ ಹೊರಟ ಹಾಗೆ!" ಅಂತ ಪಕ್ಕದ್ಮನೆಯವರು ನಕ್ಕರು. ನಗಲಿ ಬಿಡಿ.

ಬಾಟ್ಲಿ ಮೊದಲು ಸ್ವಚ್ಛವಾಗಬೇಕು. ಒಣಗಿದ ಇಂಕು ಬೇಗ ಬಿಡಲ್ಲ. ರಾತ್ರಿಯಿಡೀ ಸೋಪು ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಒಂದು ಹಿಡಿ ಅಕ್ಕಿ, ಸ್ವಲ್ಪ ನೀರು ಹಾಕಿ ಗಲಗಲ ಅಲ್ಲಾಡಿಸಿ. ಲೇಬಲ್ಲಿನ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ಉಜ್ಜಿ, ಆಮೇಲೆ ಸೋಪು. ಒಣಗಿದ ಮೇಲೆ ಸ್ಪಿರಿಟ್‌ನಲ್ಲಿ ಒರೆಸಿ, ಮತ್ತೆ ಬೆರಳು ಸೋಕಿಸಬೇಡಿ. ಬೆರಳಿನ ಜಿಡ್ಡು ಇದ್ದ ಕಡೆ ಕ್ರೀಮ್ ಸರಿಯಾಗಿ ಕಚ್ಚೋದಿಲ್ಲ.

ಚಿತ್ತಾರಕ್ಕೆ ದುಬಾರಿ ಸ್ಟೆನ್ಸಿಲ್ ಬೇಕಿಲ್ಲ. ಗಾಡಿಗಳಿಗೆ ನಂಬರು, ಹೆಸರು ಕತ್ತರಿಸಿ ಅಂಟಿಸುತ್ತಾರಲ್ಲ, ಆ ರೇಡಿಯಂ ಸ್ಟಿಕರ್ ಅಂಗಡಿಯಲ್ಲಿ ಚೂರುಪಾರು ಕೇಳಿದರೆ ಸಿಗುತ್ತೆ. ಎಲೆ, ಮಾವಿನಕಾಯಿ, ಹೆಸರಿನ ಮೊದಲಕ್ಷರ ಯಾವುದನ್ನಾದರೂ ಕತ್ತರಿಸಿ ಅಂಟಿಸಿ. ಅಂಟಿಸಿದ ಜಾಗ ಹೊಳೆಯುವ ಗಾಜಾಗಿಯೇ ಉಳಿಯುತ್ತೆ, ಸುತ್ತಲೂ ಮಸುಕಾಗುತ್ತೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬಿಂದಿಯ ಉಪಾಯ. ಸಣ್ಣ ಸಣ್ಣ ಸ್ಟಿಕರ್ ಬಿಂದಿಗಳನ್ನು ಚುಕ್ಕಿ ರಂಗೋಲಿಯ ಹಾಗೆ ಸಾಲಾಗಿ ಅಂಟಿಸಿದರೆ ಎಷ್ಟು ಚೆಂದ ಗೊತ್ತಾ! ಆದರೆ ಮಖಮಲ್ಲಿನ ಬಿಂದಿ ಬೇಡ, ಅದು ಕ್ರೀಮನ್ನು ಹೀರಿಕೊಳ್ಳುತ್ತೆ. ನುಣುಪಾದ ಪ್ಲಾಸ್ಟಿಕ್ಕಿನದೇ ಇರಲಿ. ಅಂಚುಗಳನ್ನು ಚಮಚದ ಬೆನ್ನಿನಿಂದ ಒತ್ತಿ, ಇಲ್ಲವಾದರೆ ಕ್ರೀಮ್ ಒಳನುಗ್ಗಿ ಗೆರೆ ಕದಡುತ್ತೆ.

ಆಮೇಲೆ ಹಳೇ ಬ್ರಷ್ಷಿನಲ್ಲಿ ದಪ್ಪಗೆ ಹಚ್ಚಿ. ತೆಳ್ಳಗೆ ಬಳಿದರೆ ತೇಪೆ ತೇಪೆಯಾಗುತ್ತೆ. ಎಷ್ಟು ನಿಮಿಷ ಬಿಡಬೇಕು ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ, ಲೇಬಲ್ಲಿನಲ್ಲಿ ಇರೋದನ್ನೇ ಪಾಲಿಸಿ. ಪ್ಲಾಸ್ಟಿಕ್ ಬಕೆಟ್ಟಿನ ತುಂಬ ನೀರು ಮೊದಲೇ ಇಟ್ಟುಕೊಂಡಿದ್ದು ಅದರಲ್ಲಿ ಅದ್ದಿ ತೊಳೆಯಿರಿ. ಪಿಂಗಾಣಿ ಸಿಂಕಿನಲ್ಲಿ ತೊಳೆದರೆ ಸಿಂಕಿಗೂ ಎಚ್ಚಿಂಗ್ ಆದೀತು! ಆ ನೀರು ತುಳಸಿಗಾಗಲಿ ಯಾವುದೇ ಗಿಡಕ್ಕಾಗಲಿ ಬೇಡ. ಬಚ್ಚಲಿಗೆ ಸುರಿದು, ಮೇಲೆ ಇನ್ನೆರಡು ಬಕೆಟ್ ನೀರು ಬಿಡಿ. ತೊಳೆದಾಗ ಚಿತ್ತಾರವೇ ಕಾಣದೆ ಅಯ್ಯೋ ಅನ್ನಿಸುತ್ತೆ. ಹೆದರಬೇಡಿ, ಒದ್ದೆ ಗಾಜಿನಲ್ಲಿ ಅದು ಅಡಗಿರುತ್ತೆ, ಒಣಗುತ್ತಾ ಬಂದ ಹಾಗೆ ಬೆಳ್ಳಗೆ ಏಳುತ್ತೆ. ಆ ಗಳಿಗೆ ನೋಡೋಕೇ ಖುಷಿ. ಇಂಕಿನ ಬಾಟ್ಲಿ ಎಷ್ಟೇ ತೊಳೆದರೂ ಅದರಲ್ಲಿ ತಿನ್ನುವ ಪದಾರ್ಥ ಮಾತ್ರ ಬೇಡ.

ಇಷ್ಟೆಲ್ಲ ಜೋಪಾನ ಮಾಡಿಯೂ ಮೈಗೆ ತಾಕಿದರೆ, ಉರಿ ಇಲ್ಲದಿದ್ದರೂ ಸರಿ, ತಕ್ಷಣ ಹರಿಯುವ ನೀರಿಗೆ ಹಿಡಿಯಿರಿ. 15 ನಿಮಿಷವಾದರೂ ತೊಳೆಯಿರಿ, ತಾಕಿದ ಬಟ್ಟೆ ಕಳಚಿ. ನಂತರ ಡಬ್ಬಿಯನ್ನು ಕವರಿನಲ್ಲಿ ಹಾಕಿಕೊಂಡೇ ಆಸ್ಪತ್ರೆಗೆ ಹೋಗಿ. "ಇದರಲ್ಲಿ ಫ್ಲೋರೈಡ್ ಇದೆ" ಅಂತ ನೀವೇ ಬಾಯಿಬಿಟ್ಟು ಹೇಳಿ. ಕಣ್ಣಿಗೆ ಸಿಡಿದರೆ ತೊಳೆಯುತ್ತಾ, ಮಗು ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಲು ಹೋಗದೆ, ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಗಾಡಿಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಇಲ್ಲಿ ಒಂದು ಮಾತು ಹೇಳಲೇಬೇಕು, ನಮ್ಮಂಥ ಬರೆಯುವವರಿಗೂ ಸೇರಿಸಿ. 'ಐದೇ ನಿಮಿಷದಲ್ಲಿ ಸುಂದರ ಹೂದಾನಿ', 'ಮಕ್ಕಳ ಜತೆ ಮಾಡಿ ನೋಡಿ' ಅಂತ ಬರೆಯೋದು ಸುಲಭ. ಕೊನೇ ಸಾಲಿನಲ್ಲಿ 'ಎಚ್ಚರಿಕೆ ಇರಲಿ' ಅಂದರೆ ಮುಗೀತು. ಯಾವುದಕ್ಕೆ ಎಚ್ಚರಿಕೆ, ಯಾಕೆ, ತಾಕಿದರೆ ಏನು ಮಾಡಬೇಕು ಅಂತ ಹೇಳದ ಎಚ್ಚರಿಕೆ ಯಾರಿಗೆ ಬೇಕು? ಕಾರ್ಖಾನೆಯಲ್ಲಿ ಇದೇ ವಸ್ತುವನ್ನು ಮುಟ್ಟುವವರಿಗೆ ಗ್ಲೌಸು, ಕನ್ನಡಕ, ತರಬೇತಿ ಎಲ್ಲ ಬೇಕು ಅಂತೀವಿ. ಮನೆಯಲ್ಲಿ ಹೆಂಗಸರು ಮುಟ್ಟಿದರೆ ಅದು 'ಹವ್ಯಾಸ', ಅದಕ್ಕೇನು ಗ್ಲೌಸು! ನಾನೇ ಡಾಕ್ಟರಿಗೆ "ಏನಿಲ್ಲ ಸಾರ್" ಅನ್ನಲಿಲ್ವಾ? ನಮ್ಮ ಕೆಲಸವನ್ನು ನಾವೇ ಏನಿಲ್ಲ ಅಂದುಕೊಂಡರೆ ಅದರ ಅಪಾಯವೂ ಏನಿಲ್ಲ ಅಂತಲೇ ಕಾಣುತ್ತೆ.

ಇನ್ನು ಮಾರುವವರು. ಕನ್ನಡ ಮಾತ್ರ ಓದಬಲ್ಲ ಅತ್ತೆ, ಅಜ್ಜಿ ಇರುವ ಮನೆಗೆ ಇಂಗ್ಲಿಷ್ ಚೀಟಿ ಮಾತ್ರ ಅಂಟಿಸಿ ಇಂಥದ್ದನ್ನು ಕಳಿಸಬಹುದಾ? ನಮ್ಮತ್ತೆಗೆ ಹಿಮ್ಮಡಿ ಒಡೆಯುತ್ತೆ. ಆ ಬಿಳೀ ಡಬ್ಬಿ ಕೈಗೆ ಸಿಕ್ಕಿದ್ದರೆ ಬಿರುಕಿಗೆ ಹಚ್ಚಿಕೊಳ್ಳೋಕೆ ಅವರು ಎರಡು ಸಲ ಯೋಚಿಸ್ತಿರಲಿಲ್ಲ. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತೆ. ಕನ್ನಡದಲ್ಲಿ ನಾಲ್ಕು ಸಾಲು ಅಚ್ಚು ಹಾಕಿಸೋದು ದೊಡ್ಡ ಖರ್ಚೇನಲ್ಲ. ಕ್ರಾಫ್ಟ್ ಕ್ಲಾಸ್ ನಡೆಸುವವರೂ ಬಂದವರಿಗೆಲ್ಲ ಗ್ಲೌಸು ಕೊಟ್ಟೇ ಶುರು ಮಾಡಲಿ, ಮಕ್ಕಳನ್ನು ದೂರ ಇಡಲಿ. ಮಕ್ಕಳಿಗೆ ಬೇಕಿದ್ದರೆ ಗ್ಲಾಸ್ ಪೇಂಟ್ ಇದೆ, ಸೆಣಬಿನ ಹುರಿ ಸುತ್ತಿ ಗುಂಡಿ ಅಂಟಿಸಿದರೂ ಬಾಟ್ಲಿ ಚೆನ್ನಾಗೇ ಕಾಣುತ್ತೆ.

ನಮ್ಮನೆ ಡಬ್ಬಿಯ ಮೇಲೆ ಈಗ ನಾನೇ ಬರೆದ ಚೀಟಿ ಇದೆ: 'ವಿಷ. ಮೈಗೆ ಹಚ್ಚುವ ಕ್ರೀಮ್ ಅಲ್ಲ. ಗಾಜಿಗೆ ಮಾತ್ರ.' ಕೆಂಪು ಇಂಕಿನಲ್ಲಿ ಬರೆದು, ಮೇಲೆ ಟೇಪ್ ಅಂಟಿಸಿ, ಬೀರುವಿನ ಮೇಲಿನ ಅರೆಯಲ್ಲಿ ಬೀಗ ಹಾಕಿಟ್ಟಿದ್ದೇನೆ. ಮುಚ್ಚಳ ಸಡಿಲವಾಯಿತು ಅಂತ ಅದನ್ನು ಖಾಲಿ ಸ್ನೋ ಡಬ್ಬಿಗೆ ತುಂಬಿಸುವ ಕೆಲಸ ಮಾತ್ರ ಯಾರೂ ಮಾಡಬೇಡಿ.

ಬಾಟ್ಲಿಗಳು ಹೋದ ಗೌರಿಹಬ್ಬಕ್ಕೆ ಅಕ್ಕನ ಮನೆ, ತಂಗಿ ಮನೆ, ತಮ್ಮನ ಮನೆ ಸೇರಿದವು. ತಮ್ಮ ಅದರಲ್ಲಿ ಮನಿಪ್ಲಾಂಟ್ ಬೆಳೆಸಿದ್ದಾನೆ, ಅಕ್ಕ ದೇವರ ಮುಂದೆ ಎರಡು ಗುಲಾಬಿ ಇಡ್ತಾಳೆ. ಹದಿಮೂರನೆಯದು ಅಮ್ಮನ ಹತ್ತಿರ ಇದೆ. ತಳದಲ್ಲಿ ಅಪ್ಪನ ಕೆಂಪು ಇಂಕು ಇನ್ನೂ ಒಣಗಿ ಕೂತಿದೆ. ಅದನ್ನೂ ತೊಳೆದು ಕೊಡ್ಲಾ ಅಂದರೆ, "ಅದರ ತಂಟೆಗೆ ಬರಬೇಡ, ಹಾಗೇ ಇರಲಿ" ಅಂದಳು.